ಮನೆಲೆಕ್ಕ: ಕಡಲ ತಳಕ್ಕೂ ಒಂದು ಜಮಾ-ಖರ್ಚು



ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಾಗಿ ಮೂರೇ ಪ್ರಶ್ನೆಗಳಿರುತ್ತವೆ. ಮಗಳ ಮದುವೆಗೆ ಎಷ್ಟು ಎತ್ತಿಡಬೇಕು? ಚೀಟಿ ಹಾಕಬಹುದೇ? ತಿಂಗಳ ಕೊನೆಯ ವಾರವನ್ನು ದೂಡುವುದು ಹೇಗೆ? ಇವತ್ತಿನ ಲೆಕ್ಕ ಇವು ಯಾವುವೂ ಅಲ್ಲ. ಓದಿ ನೀವು ಮೂಗಿನ ಮೇಲೆ ಬೆರಳಿಟ್ಟುಕೊಂಡರೂ ನನಗೆ ಬೇಸರವಿಲ್ಲ. ಮೊದಲ ದಿನ ನಾನೂ ಹಾಗೇ ಮಾಡಿದೆ. ಆದರೆ ಲೆಕ್ಕ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷ ಮನೆ ನಡೆಸಿಯೂ ನನಗೆ ಹೊಳೆಯದೇ ಇದ್ದ ಒಂದು ಮಾತು ಕಲಿತೆ. ಅದನ್ನು ನಿಮಗೂ ಹೇಳೋಣ ಅಂತ ಈ ಬರಹ.

2023ರ ಡಿಸೆಂಬರಿನಲ್ಲಿ ಒಂದು ರಾತ್ರಿ ನಮ್ಮ ಅಕ್ಕನ ಮಗಳು ಪುಟ್ಟಿ ಅಮೆರಿಕದ ಟೆಕ್ಸಸ್‌ನಿಂದ ಫೋನು ಮಾಡಿದಳು. ಗಂಡ-ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ಓದಿಗೆ ಮಾಡಿದ ಸಾಲ ತೀರಿದ ಮೇಲೆ ಮೂರು ವರ್ಷ ಕೂಡಿಟ್ಟು ಐದು ಸಾವಿರ ಡಾಲರ್ ಗಂಟು ಕಟ್ಟಿದ್ದರು.

"ಚಿಕ್ಕಮ್ಮ, ನಾವಿಬ್ರೂ ಸಂಕ್ರಾಂತಿ ಹೊತ್ತಿಗೆ ಒಂದು ವಾರ ಬೊನೇರ್‌ಗೆ ಹೋಗಿ ಸ್ಕೂಬಾ ಮಾಡ್ಬೇಕು ಅಂತಿದೀವಿ. ದುಡ್ಡು ಸಾಲ್ತಾ ಇಲ್ಲ. ಅಮ್ಮನಿಗೆ ಹೇಳಿದ್ರೆ ಬೈತಾಳೆ. ನೀನು ಲೆಕ್ಕ ಬರೀತೀಯಲ್ಲ, ಸ್ವಲ್ಪ ನೋಡು" ಅಂದಳು.

ಅಕ್ಕ ಬೈಯುವುದಿರಲಿ, ನನಗೇ ಬಾಯಿಗೆ ಬಂದಿತ್ತು. ಐದು ಸಾವಿರ ಡಾಲರ್ ಅಂದರೆ ನಮ್ಮ ರೂಪಾಯಿಯಲ್ಲಿ ನಾಲ್ಕು ಲಕ್ಷ ದಾಟುತ್ತದೆ. ನೀರಿನಲ್ಲಿ ಮುಳುಗಿ ಏಳುವುದಕ್ಕೆ ನಾಲ್ಕು ಲಕ್ಷವೇ? ಆಮೇಲೆ ಯೋಚಿಸಿದೆ. ಸಾಲ ತೀರಿಸಿದ್ದಾಳೆ, ಯಾರ ಮುಂದೆಯೂ ಕೈ ಚಾಚಿಲ್ಲ, ದುಡಿದ ದುಡ್ಡು ಅವರದ್ದು. ಆಸೆಗೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬೇಕಲ್ಲವೇ? ಆ ಸಾಲನ್ನು ನಾವು ಬರೆಯದೆ ಹೋದರೆ ಆಸೆ ಸುಮ್ಮನಾಗುವುದಿಲ್ಲ, ಕದ್ದು ಖರ್ಚು ಮಾಡಿಸುತ್ತದೆ. ಅದಕ್ಕೇ, "ಆಯ್ತು, ನಿನ್ನ ಪಟ್ಟಿ ಕಳಿಸು" ಅಂದೆ.

ಪಟ್ಟಿಗೆ ಮೊದಲು ಈ ಬೊನೇರ್ ಎಲ್ಲಿದೆ, ಸ್ಕೂಬಾ ಅಂದರೇನು ಎಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಲೆಕ್ಕ ಗಾಳಿಯಲ್ಲಿ ತೇಲುತ್ತದೆ.

ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿರುವ ಸಣ್ಣ ದ್ವೀಪ ಬೊನೇರ್. ವಿಸ್ತೀರ್ಣ 288 ಚದರ ಕಿಲೋಮೀಟರ್. ಕಳ್ಳಿಗಿಡ, ಕತ್ತೆ, ಉಪ್ಪಿನ ಗದ್ದೆ, ರಾಜಹಂಸಗಳ ಊರು. ನೆದರ್‌ಲ್ಯಾಂಡ್ಸ್ ದೇಶಕ್ಕೆ ಸೇರಿದ್ದಾದರೂ 2011ರ ಜನವರಿಯಿಂದ ಅಲ್ಲಿ ನಡೆಯುವ ನಾಣ್ಯ ಅಮೆರಿಕದ ಡಾಲರೇ. ಪುಟ್ಟಿಯಂಥವರಿಗೆ ಹಣ ಬದಲಾಯಿಸುವ ಕಮಿಷನ್ ಉಳಿಯಿತು. ಲೆಕ್ಕದ ಮೊದಲ ಲಾಭ ಇದೇ. ಎರಡನೆಯ ಲಾಭ, ಅಲ್ಲಿ ಹವಳದ ದಿಬ್ಬಗಳು ದಡಕ್ಕೆ ತೀರಾ ಹತ್ತಿರ. ದೋಣಿ ಹತ್ತದೆ ನಡೆದುಕೊಂಡೇ ನೀರಿಗಿಳಿಯಬಹುದು. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಜಾಗದ ಹೆಸರು ಬರೆದಿರುತ್ತಾರೆ. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು.

ಇನ್ನು ಸ್ಕೂಬಾ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಬಾಯಿಗೆ ನಳಿಕೆ ಕಚ್ಚಿಕೊಂಡು ನೀರೊಳಗೆ ಉಸಿರಾಡುತ್ತಾ ಈಜುವುದು. ಸಿಲಿಂಡರಿನಲ್ಲಿರುವುದು ಆಮ್ಲಜನಕ ಅಂತ ನಾನೂ ತಿಳಿದಿದ್ದೆ. ಅಲ್ಲವಂತೆ, ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಪುಟ್ಟಿ ಮೊದಲ ಸಲ ಹೀಗೆ ಇಳಿದದ್ದು ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ, ಗುರುವಿನ ಕೈ ಹಿಡಿದುಕೊಂಡು. ಆಮೇಲೆ ಅಮೆರಿಕದಲ್ಲಿ ಇಬ್ಬರೂ ಪಾಠ ಹೇಳಿಸಿಕೊಂಡು 18 ಮೀಟರ್ ಆಳದವರೆಗೆ ಇಳಿಯುವ ಪ್ರಮಾಣಪತ್ರ ತೆಗೆದುಕೊಂಡಿದ್ದರು. ಆದರೆ ನೀರಿಗಿಳಿದು ಮೂರು ವರ್ಷವಾಗಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಅವಳ ಮೊದಲ ಪಟ್ಟಿ ಇದು. ಇಬ್ಬರಿಗೆ, ಏಳು ರಾತ್ರಿಗೆ, ಎಲ್ಲವೂ ಡಾಲರಿನಲ್ಲಿ.

ವಿಮಾನ: 1,500
ಕಡಲ ದಡದ ಹೋಟೆಲು: 1,820
ಬಾಡಿಗೆ ಪಿಕಪ್ ಟ್ರಕ್ಕು: 455
ದೋಣಿಯಲ್ಲಿ ಹೋಗಿ ಮುಳುಗುವುದು: 800
ಆರು ದಿನದ ಸಿಲಿಂಡರುಗಳು: 380
ಬಾಡಿಗೆ ಸಲಕರಣೆ: 420
ನೀರೊಳಗಿನ ಕ್ಯಾಮೆರಾ: 600
ಹೋಟೆಲು ಊಟ: 840
ಒಟ್ಟು: 6,815

ಕೈಯಲ್ಲಿರುವುದು 5,000. ನಮ್ಮ ಹುಡುಗಿ ಏನು ಮಾಡಿದ್ದಳು ಗೊತ್ತೇ? ಪಟ್ಟಿಯ ಕೆಳಗೆ ಇನ್ನೂ ಮೂರು ಸಾಲು ಬರೆದು, ಖರ್ಚು ಇಳಿಸಲು ಆ ಮೂರಕ್ಕೂ ಗೆರೆ ಎಳೆದಿದ್ದಳು. ಒಂದು, ಮುಳುಗುವವರ ವಿಮೆ. ಎರಡು, ಹೋಗುವ ಮುಂಚೆ ಈಜುಕೊಳದಲ್ಲಿ ಮರು ಅಭ್ಯಾಸದ ಪಾಠ. ಮೂರು, ಕೊನೆಯ ದಿನದ ವಿರಾಮ. "ದುಡ್ಡು ಕೊಟ್ಟು ಹೋಗಿ ಒಂದು ದಿನ ಸುಮ್ನೆ ಕೂರೋದಾ? ಬೆಳಿಗ್ಗೆ ಒಂದು ಸಲ ಮುಳುಗಿ ಮಧ್ಯಾಹ್ನ ವಿಮಾನ ಹತ್ತಿದ್ರಾಯ್ತು" ಅನ್ನುವ ಯೋಚನೆ.

ಕ್ಯಾಮೆರಾ ಹಾಗೇ ಇದೆ, ಕಡಲ ದಡದ ಹೋಟೆಲು ಹಾಗೇ ಇದೆ. ಗೆರೆ ಬಿದ್ದದ್ದು ಕಣ್ಣಿಗೆ ಕಾಣದ ಮೂರರ ಮೇಲೆ. ನಾವೂ ಹೀಗೇ ಮಾಡುವವರಲ್ಲವೇ? ತಿಂಗಳ ಲೆಕ್ಕ ಹೆಚ್ಚಾದರೆ ಮೊದಲು ನಿಲ್ಲುವುದು ನಮ್ಮ ಕಬ್ಬಿಣದ ಮಾತ್ರೆ, ಕನ್ನಡಕ, ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು. ಬಾಗಿಲಿಗೆ ಹೊಸ ಪರದೆ ಮಾತ್ರ ಬಂದೇ ಬರುತ್ತದೆ, ನಾಲ್ಕು ಜನ ನೋಡುತ್ತಾರಲ್ಲ!

"ಈ ಮೂರೂ ಯಾತಕ್ಕೆ ಬೇಕು, ನನಗೆ ತಿಳಿಯೋ ಹಾಗೆ ಹೇಳು" ಅಂದೆ. ಹೇಳುತ್ತಾ ಹೇಳುತ್ತಾ ಅವಳ ದನಿಯೇ ಮೆತ್ತಗಾಯಿತು. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ನೀರಿನಲ್ಲಿ ಹತ್ತು ಹತ್ತು ಮೀಟರ್ ಇಳಿದಂತೆಲ್ಲ ಮೈಮೇಲೆ ಒಂದೊಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. ಆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲೂ ಮಾಂಸದಲ್ಲೂ ಕರಗಿ ಕೂರುತ್ತದೆ. ಸೋಡಾ ಬಾಟಲಿ ನೆನಪು ಮಾಡಿಕೊಳ್ಳಿ. ಮುಚ್ಚಳ ಬಿಗಿಯಾಗಿರುವವರೆಗೆ ಗುಳ್ಳೆ ಕಾಣುವುದಿಲ್ಲ, ಫಟ್ಟನೆ ತೆಗೆದರೆ ಬುಸ್ಸೆಂದು ಉಕ್ಕುತ್ತದೆ. ಮುಳುಗಿದವರು ಅವಸರವಾಗಿ ಮೇಲೆ ಬಂದರೆ ಮೈಯೊಳಗೂ ಹಾಗೆಯೇ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನು ಬೇಕಾದರೂ ಆಗಬಹುದು. ಮುಳುಗಿದ ಮೇಲೆ ಬೇಗ ವಿಮಾನ ಹತ್ತಿದರೂ ಅದೇ ಅಪಾಯ, ಮೇಲೆ ಒತ್ತಡ ಇನ್ನೂ ಕಡಿಮೆ. ದಿನವೂ ಮುಳುಗಿದವರು ಕಡೆಯ ಪಕ್ಷ 18 ಗಂಟೆ ಕಾದು ವಿಮಾನ ಹತ್ತಬೇಕೆಂಬುದು ಇದಕ್ಕೇ.

ಗುಳ್ಳೆಯ ಕಾಯಿಲೆ ಬಂದರೆ ಮಾತ್ರೆಯಿಂದ ಹೋಗುವುದಿಲ್ಲ. ಒತ್ತಡದ ಕೋಣೆಯಲ್ಲಿ ಗಂಟೆಗಟ್ಟಲೆ ಮಲಗಿಸಿ ಆಮ್ಲಜನಕ ಕೊಡಬೇಕು. ಬೊನೇರ್‌ನ ಆಸ್ಪತ್ರೆಯಲ್ಲಿ ಅಂಥ ಕೋಣೆ ಇದೆ, ಅದು ಪುಣ್ಯ. ಆದರೆ ಖರ್ಚು ಭಾರಿ. ಸಾಮಾನ್ಯ ಪ್ರವಾಸ ವಿಮೆಗಳು ಎಷ್ಟೋ ವೇಳೆ ಈ ಚಿಕಿತ್ಸೆಯನ್ನು ಹೊರಗಿಡುತ್ತವೆ. ಅದಕ್ಕೇ ಮುಳುಗುವವರಿಗೆಂದೇ ಬೇರೆ ವಿಮೆ. ಇಬ್ಬರಿಗೂ ಸೇರಿ 150 ಡಾಲರ್. ಉಳಿಸಲು ಹೊರಟದ್ದು ಇದನ್ನು! ಇನ್ನು ಮೂರು ವರ್ಷ ಬಿಟ್ಟ ವಿದ್ಯೆ. ನಮಗೇ ಮೂರು ವರ್ಷ ಚಕ್ಕುಲಿ ಒತ್ತದಿದ್ದರೆ ಹಿಟ್ಟಿನ ಹದ ತಪ್ಪುತ್ತದೆ. ಒಲೆಯ ಮುಂದೆ ತಪ್ಪಿದರೆ ಚಕ್ಕುಲಿ ಮುರಿಯುತ್ತದೆ, ಅಷ್ಟೆ. ಹದಿನೈದು ಮೀಟರ್ ಆಳದಲ್ಲಿ ತಪ್ಪಿದರೆ?

"ಪುಟ್ಟೀ, ನೀನು ಗೆರೆ ಎಳೆದಿರೋದು ಖರ್ಚಿನ ಮೇಲಲ್ಲ, ಉಸಿರಿನ ಮೇಲೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಆಮೇಲೆ ಅವಳೇ ಒಂದು ವಿಷಯ ಹೇಳಿದಳು. ನಾನು ಕಲಿತೆ ಅಂದೆನಲ್ಲ, ಆ ಮಾತು ಇದೇ. ಮುಳುಗುವವರು ಸಿಲಿಂಡರಿನ ಗಾಳಿಯನ್ನು 'ಬಾರ್' ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್. ಕೈಯಲ್ಲಿರುವ ಮಾಪಕವನ್ನು ಆಗಾಗ ನೋಡಿಕೊಳ್ಳುತ್ತಾ 100ಕ್ಕೆ ಬರುವ ಹೊತ್ತಿಗೆ ಹಿಂದಕ್ಕೆ ತಿರುಗಬೇಕು. ನೀರಿನಿಂದ ಮೇಲೆ ಬಂದಾಗ 50 ಬಾರ್ ಉಳಿದೇ ಇರಬೇಕು. ಆ 50 ಖರ್ಚಿಗಲ್ಲ. ಜೊತೆಗಾರನ ಗಾಳಿ ಮುಗಿದರೆ, ದಾರಿ ತಪ್ಪಿದರೆ, ಪ್ರವಾಹ ಎಳೆದರೆ, ಅದಕ್ಕೆ. "ಚೆಂದದ ಮೀನು ಕಾಣ್ತು ಅಂತ ಆ ಐವತ್ತಕ್ಕೆ ಕೈ ಹಾಕೋ ಹಾಗಿಲ್ಲ ಚಿಕ್ಕಮ್ಮ" ಅಂದಳು.

ಇನ್ನೊಂದು ವಿಷಯವಿದೆ. ಆಳಕ್ಕೆ ಹೋದಷ್ಟೂ ಗಾಳಿ ಬೇಗ ಖಾಲಿ. ಮೇಲಿನದಕ್ಕೆ ಹೋಲಿಸಿದರೆ 10 ಮೀಟರಿನಲ್ಲಿ ಒಂದೊಂದು ಉಸಿರಿಗೂ ಎರಡರಷ್ಟು ಗಾಳಿ ಹೋಗುತ್ತದೆ, 20 ಮೀಟರಿನಲ್ಲಿ ಮೂರರಷ್ಟು, 30 ಮೀಟರಿನಲ್ಲಿ ನಾಲ್ಕರಷ್ಟು. ಸಿಲಿಂಡರ್ ಅದೇ, ಉಸಿರು ಅದೇ, ಜಾಗ ಮಾತ್ರ ಬೇರೆ! ಮೊಹಲ್ಲಾದ ಬಾಡಿಗೆ ಮನೆಯಲ್ಲಿದ್ದಾಗ ಸಾಲುತ್ತಿದ್ದ ಸಂಬಳ ದೊಡ್ಡ ಬಡಾವಣೆಗೆ ಹೋದ ಮೇಲೆ ಸಾಲದೆ ಹೋಗುವುದಿಲ್ಲವೇ, ಹಾಗೆಯೇ.

ನನಗೆ ಥಟ್ಟನೆ ಅಜ್ಜಿಯ ಸಾಸಿವೆ ಡಬ್ಬಿ ನೆನಪಾಯಿತು. ಆ ದುಡ್ಡು ಹಬ್ಬಕ್ಕೂ ಬರುತ್ತಿರಲಿಲ್ಲ, ಸೀರೆಗೂ ಬರುತ್ತಿರಲಿಲ್ಲ. ರಾತ್ರಿ ಹೊತ್ತಿನಲ್ಲಿ ಮಗುವಿಗೆ ಜ್ವರ ಬಂದರೆ ಮಾತ್ರ ಡಬ್ಬಿ ತೆರೆಯುತ್ತಿತ್ತು. ಆದರೆ ಅಜ್ಜಿಯ ಡಬ್ಬಿ ಉಳಿದದ್ದರಲ್ಲಿ ತುಂಬುತ್ತಿತ್ತು. ಈ ಹುಡುಗಿಯರ ಸಿಲಿಂಡರಿನ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ: ಮೊದಲು ಕಾಲುಭಾಗ ತೆಗೆದಿಟ್ಟು, ಉಳಿದ ಮುಕ್ಕಾಲು ಭಾಗವೇ ತನ್ನದೆಂದು ತಿಳಿಯುವುದು.

"ಹಾಗಾದ್ರೆ ನಿನ್ನ ದುಡ್ಡಿಗೂ ಅದೇ ನಿಯಮ. ಕಾಲುಭಾಗ ಇಡುಗಂಟು. ಐದು ಸಾವಿರದಲ್ಲಿ ನಿನ್ನದು 3,750 ಮಾತ್ರ" ಅಂದೆ.

"ಅಯ್ಯೋ, ಅಷ್ಟರಲ್ಲಿ ಆಗೋದೇ ಇಲ್ಲ!"

"ಆಗದಿದ್ರೆ ಈಗ ಬೇಡ. ದ್ವೀಪ ಎಲ್ಲಿಗೂ ಓಡಿಹೋಗಲ್ಲ" ಅಂದೆ.

ಮುಂದಿನ ಭಾನುವಾರ ಇಬ್ಬರೂ ಕಾಗದ ಪೆನ್ಸಿಲು ಹಿಡಿದು ಕೂತೆವು. ಪಟ್ಟಿಯನ್ನು ಎರಡು ಪಾಲು ಮಾಡಿದೆವು. ಒಂದು, ಮುಟ್ಟಬಾರದ್ದು. ಇನ್ನೊಂದು, ಕತ್ತರಿ ಹಾಕಬಹುದಾದದ್ದು.

ಮೊದಲು ಕೈ ಹಾಕಿದ್ದು ತಿಂಗಳಿಗೆ. ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಉತ್ತರ ದೇಶಗಳಲ್ಲಿ ಚಳಿ. ಎಲ್ಲರೂ ಬಿಸಿಲು ಹುಡುಕಿಕೊಂಡು ಕೆರಿಬಿಯನ್‌ಗೆ ಬರುತ್ತಾರೆ, ಬೆಲೆ ಏರುತ್ತದೆ. ಸೆಪ್ಟೆಂಬರಿನಲ್ಲಿ ಇಳಿಯುತ್ತದೆ, ಆದರೆ ಅದು ಚಂಡಮಾರುತದ ಕಾಲ. ಬೊನೇರ್ ಮಾತ್ರ ಚಂಡಮಾರುತಗಳ ಮಾಮೂಲಿ ದಾರಿಗಿಂತ ದಕ್ಷಿಣಕ್ಕಿದೆ. ಹಾಗೆಂದು ಪೂರ್ತಿ ಅಭಯವಿಲ್ಲ. 1999ರ ಲೆನ್ನಿ, 2008ರ ಓಮರ್ ಚಂಡಮಾರುತಗಳ ಅಲೆ ಅಲ್ಲಿಯ ಹವಳಕ್ಕೂ ಪೆಟ್ಟು ಕೊಟ್ಟಿತ್ತು. ಆದರೂ ಅಪಾಯ ಉತ್ತರದ ದ್ವೀಪಗಳಿಗಿಂತ ಕಡಿಮೆ. ಸೆಪ್ಟೆಂಬರ್ ಎಂದು ನಿಶ್ಚಯಿಸಿದೆವು. ವಿಮಾನ, ಕೋಣೆ, ಟ್ರಕ್ಕು ಮೂರೂ ಇಳಿದವು.

ಎರಡನೆಯದು ಕೋಣೆ. ದಿನವಿಡೀ ನೀರಿನಲ್ಲೇ ಇರುವವರಿಗೆ ಕಿಟಕಿಯಿಂದ ಕಡಲು ಯಾಕೆ ಕಾಣಬೇಕು? ದಡ ಬಿಟ್ಟು ಒಳಗಡೆ, ಅಡುಗೆಮನೆ ಇರುವ ಸಣ್ಣ ಮನೆ ದಿನಕ್ಕೆ 85 ಡಾಲರಿಗೆ ಸಿಕ್ಕಿತು.

ಮೂರನೆಯದು ಊಟ. ಆ ದ್ವೀಪದಲ್ಲಿ ಮಳೆ ಕಡಿಮೆ, ಬೆಳೆ ಕಡಿಮೆ. ಹೆಚ್ಚಿನದೆಲ್ಲ ಹೊರಗಿನಿಂದಲೇ ಬರಬೇಕು. ಹಾಗಾಗಿ ಅಂಗಡಿಯಲ್ಲೇ ಬೆಲೆ ಜಾಸ್ತಿ, ಹೋಟೆಲಿನಲ್ಲಿ ಕೇಳಲೇಬೇಡಿ. ಆದರೆ ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಯಲ್ಲಿ ಬಿಡುತ್ತಾರೆ. ಧೈರ್ಯವಾಗಿ ಕುಡಿಯಬಹುದು, ಬಾಟಲಿ ನೀರು ಕೊಳ್ಳಬೇಕಾಗಿಲ್ಲ. ಅಕ್ಕಿ, ಮೊಸರು, ಮೊಟ್ಟೆ, ತರಕಾರಿ ಅಲ್ಲಿಯೇ ತೆಗೆದುಕೊಳ್ಳುವುದು, ಸಾರಿನಪುಡಿ, ಚಟ್ನಿಪುಡಿ, ಉಪ್ಪಿಟ್ಟಿನ ಹಿಟ್ಟು ಪೆಟ್ಟಿಗೆಯಲ್ಲಿ ಒಯ್ಯುವುದು ಎಂದಾಯಿತು.

ಆ ಉಪ್ಪಿಟ್ಟಿನ ಹಿಟ್ಟು ಹೀಗೆ: ನಾಲ್ಕು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಚೂರು, ಚಿಟಿಕೆ ಇಂಗು ಹಾಕಿ. ಕರಿಬೇವನ್ನು ನೀರಿನ ಪಸೆ ಇಲ್ಲದಂತೆ ಒಣಗಿಸಿ ಕೊನೆಗೆ ಹಾಕಿ ಗರಿಗರಿ ಮಾಡಿ. ಎರಡು ಲೋಟ ರವೆ ಸೇರಿಸಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಉಪ್ಪು ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಒಂದು ಲೋಟ ಹಿಟ್ಟಿಗೆ ಎರಡೂವರೆ ಲೋಟ ಕುದಿಯುವ ನೀರು, ಐದು ನಿಮಿಷ ಮುಚ್ಚಿಟ್ಟರೆ ಮುಗಿಯಿತು. ಹಾಸ್ಟೆಲಿನ ಮಕ್ಕಳಿಗೂ ಆಗುತ್ತದೆ.

ನಾಲ್ಕನೆಯದು ದೋಣಿ. ದಡದಿಂದಲೇ ಇಳಿಯುವ ಇಷ್ಟೊಂದು ಜಾಗಗಳಿರುವ ದ್ವೀಪಕ್ಕೆ ಹೋಗಿ ದಿನವೂ ದೋಣಿ ಹತ್ತುವುದು ಬಾವಿಯ ಪಕ್ಕ ಮನೆ ಕಟ್ಟಿ ನೀರು ಕೊಂಡ ಹಾಗೆ. ಎದುರಿಗಿರುವ ಕ್ಲೈನ್ ಬೊನೇರ್ ಎಂಬ ಪುಟ್ಟ ದ್ವೀಪಕ್ಕೆ ಮಾತ್ರ ಒಂದು ಸಲ ಇಬ್ಬರೂ ದೋಣಿಯಲ್ಲಿ ಹೋಗುವುದೆಂದು ಉಳಿಸಿಕೊಂಡೆವು. ಕ್ಯಾಮೆರಾಕ್ಕೆ ಪೂರ್ತಿ ಗೆರೆ ಎಳೆದಳು, ಸ್ವಲ್ಪ ಮುಖ ಊದಿಸಿಕೊಂಡೇ.

ಇಷ್ಟರಲ್ಲಿ ಅವಳು ಮರೆತ ಖರ್ಚುಗಳೂ ಹೊರಬಿದ್ದವು. ದ್ವೀಪಕ್ಕೆ ಬರುವ ಹೊರಗಿನ ವಯಸ್ಕರು ತಲೆಗೆ 75 ಡಾಲರ್ ಪ್ರವೇಶ ತೆರಿಗೆ ಕೊಡಬೇಕು. 2022ರ ಜುಲೈನಿಂದ ಈ ದರ. ಸಮುದ್ರಕ್ಕಿಳಿಯುವವರು ಇನ್ನೂ 40 ಡಾಲರ್ ನಿಸರ್ಗ ಶುಲ್ಕ ಕೊಡಬೇಕು. ದ್ವೀಪದ ಸುತ್ತಲಿನ ಕಡಲನ್ನು 60 ಮೀಟರ್ ಆಳದವರೆಗೆ 1979ರಲ್ಲೇ ಉದ್ಯಾನವೆಂದು ಘೋಷಿಸಿ ಕಾಪಾಡಿಕೊಂಡು ಬಂದಿದ್ದಾರೆ, ಅದರ ಖರ್ಚಿಗೆ ಈ ದುಡ್ಡು. 2023ರಲ್ಲಿ ಅಲ್ಲಿಗೂ ಹವಳದ ಅಂಟುರೋಗ ಬಂದಿತು. ಇಳಿಯುವವರೆಲ್ಲ ಸಲಕರಣೆಯನ್ನು ರೋಗನಾಶಕದಲ್ಲಿ ತೊಳೆಯಬೇಕು. ಹವಳಕ್ಕೆ ಹಾನಿ ಮಾಡುವ ಕೆಲವು ರಾಸಾಯನಿಕಗಳಿರುವ ಬಿಸಿಲಿನ ಕ್ರೀಮುಗಳಿಗೂ 2021ರಿಂದ ನಿಷೇಧವಿದೆ. ಪುಟ್ಟಿ ಈ ಶುಲ್ಕಕ್ಕೆ ಗೊಣಗಿದಳು. "ಯಾರದೋ ಮನೆ ತೋಟ ನೋಡೋಕೆ ಹೋಗ್ತಾ ಇದ್ದೀಯ, ಮಾಲಿಗೆ ಸಂಬಳ ಬೇಡವೇ?" ಅಂದೆ.

ಹೊಸ ಪಟ್ಟಿ ಇದು.

ಮುಟ್ಟಬಾರದ್ದು:
ವಿಮಾನ: 1,200
ಪ್ರವೇಶ ತೆರಿಗೆ: 150
ನಿಸರ್ಗ ಶುಲ್ಕ: 80
ಮುಳುಗುವವರ ವಿಮೆ: 150
ಮರು ಅಭ್ಯಾಸ: 200
ಬಾಡಿಗೆ ಸಲಕರಣೆ: 420
ಸಿಲಿಂಡರುಗಳು: 380
ಟ್ರಕ್ಕು, ಅದರ ವಿಮೆ ಸೇರಿ: 455
ಮೊತ್ತ: 3,035

ಕತ್ತರಿ ಹಾಕಿದ್ದು:
ಕೋಣೆ: 595
ದಿನಸಿ: 200
ಎರಡು ಸಲ ಹೊರಗಿನ ಊಟ: 120
ದೋಣಿ: 100
ಪೆಟ್ರೋಲು: 50
ಮೊತ್ತ: 1,065

ಒಟ್ಟು: 4,100.

6,815 ಇದ್ದದ್ದು 4,100ಕ್ಕೆ ಇಳಿಯಿತು, ಅದೂ ಬಿಟ್ಟುಹೋಗಿದ್ದ ಸಾಲುಗಳನ್ನೆಲ್ಲ ಸೇರಿಸಿಕೊಂಡು! ಜನವರಿಯಿಂದ ಆಗಸ್ಟ್‌ವರೆಗೆ ಎಂಟು ತಿಂಗಳು, ತಿಂಗಳಿಗೆ 60 ಡಾಲರಿನಂತೆ 480 ಕೂಡಿಸಿದರು. ಒಟ್ಟು 5,480. ಖರ್ಚು ಕಳೆದರೆ 1,380 ಉಳಿಯುತ್ತದೆ. ಕಾಲುಭಾಗ ಎಷ್ಟು? 1,370. ಸರಿಹೋಯಿತು. ಲೆಕ್ಕ ಕೂಡಿ ಬಂದಾಗ ಆಗುವ ಸಂತೋಷ ನಿಮಗೆ ನಾನು ಹೇಳಬೇಕೇ?

ಇವು ಅವರಿಗೆ ಆ ವರ್ಷ ಬಿದ್ದ ಬೆಲೆಗಳು. ನಿಮ್ಮ ಮಕ್ಕಳು ಹೊರಟರೆ ಬೇರೆ ಇರುತ್ತವೆ, ಹೊಸದಾಗಿ ವಿಚಾರಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ನೆದರ್‌ಲ್ಯಾಂಡ್ಸ್ ಕಚೇರಿಯಲ್ಲಿ ಕೇಳಿಕೊಳ್ಳಲಿ.

2024ರ ಸೆಪ್ಟೆಂಬರಿನಲ್ಲಿ ಹೊರಟರು. ಈ ಅಂಕಣ ಬರೆಯುವಂತೆ ಮಾಡಿದ್ದು ಅಲ್ಲಿ ನಡೆದ ಒಂದು ಸಂಗತಿ.

ಮೊದಲ ಮೂರು ದಿನ ಎಲ್ಲ ಸೊಗಸು. 'ಸಾವಿರ ಮೆಟ್ಟಿಲು' ಎಂಬ ಜಾಗವಂತೆ, ಎಣಿಸಿದರೆ ಎಪ್ಪತ್ತರ ಆಸುಪಾಸು. ಸಿಲಿಂಡರ್ ಹೊತ್ತು ಹತ್ತುವಾಗ ಮಾತ್ರ ಸಾವಿರವೇ ಅನ್ನಿಸುತ್ತದೆ ಅಂದಳು. ಟ್ರಕ್ಕು ಬಿಟ್ಟು ಇಳಿಯುವಾಗ ಒಳಗೆ ಏನನ್ನೂ ಇಡಬಾರದು, ಕಿಟಕಿಯನ್ನೂ ತೆರೆದಿಡಬೇಕಂತೆ. ಇಲ್ಲದಿದ್ದರೆ ಕಳ್ಳರು ಗಾಜು ಒಡೆಯುತ್ತಾರೆ. ಆಮೆ ಕಂಡರು, ಬಣ್ಣಬಣ್ಣದ ಗಿಳಿಮೀನು ಕಂಡರು. ಕಡಲು ಬಿಸಿಯಾಗಿ ಕೆಲವೆಡೆ ಬಿಳಿಚಿಕೊಂಡಿದ್ದ ಹವಳವನ್ನೂ ಕಂಡು ಬೇಜಾರು ಮಾಡಿಕೊಂಡರು.

ನಾಲ್ಕನೆಯ ದಿನ ನಮ್ಮ ಅಳಿಯಂದಿರಿಗೆ ನೆಗಡಿ. ನೆಗಡಿಯಲ್ಲಿ ಮುಳುಗಬಾರದೆಂದು ಅವರಿಗೂ ಗೊತ್ತು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ. ಆದರೂ "ಸಿಲಿಂಡರಿಗೆ ದುಡ್ಡು ಕಟ್ಟಾಗಿದೆಯಲ್ಲ, ಸುಮ್ಮನೆ ದಂಡ" ಎಂದು ಇಳಿದರು. ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಪುಟ್ಟಿಗೆ ಕೈಸನ್ನೆ ಮಾಡಿ ಮೆಲ್ಲಗೆ ಮೇಲೆ ಬಂದರು. ಡಾಕ್ಟರು ನೋಡಿ, ತಮಟೆ ಹರಿದಿಲ್ಲ, ಆದರೆ ಊದಿಕೊಂಡಿದೆ, ಇನ್ನು ಈ ಸಲ ನೀರಿಗಿಳಿಯುವುದು ಬೇಡ ಅಂದರು. ಫೀಸು, ಔಷಧಿ ಸೇರಿ 140 ಡಾಲರ್.

ಆ ರಾತ್ರಿ ಪುಟ್ಟಿ ಫೋನು ಮಾಡಿದಳು. ಹಿಂದೆ ಅಳಿಯಂದಿರ ದನಿ ಕೇಳಿಸುತ್ತಿತ್ತು: "ನಾಳೆ ಹೊತ್ತಿಗೆ ಕಮ್ಮಿ ಆಗ್ಬಹುದು, ಇನ್ನೂ ಎರಡು ದಿನದ್ದು ಬಾಕಿ ಇದೆ, ಅಷ್ಟು ದುಡ್ಡು ಹಾಳು."

ನಾನು ಫೋನಿನಲ್ಲೇ ಗಟ್ಟಿಯಾಗಿ ಅಂದೆ: "ಅಳಿಯಂದಿರೇ, ಅಕ್ಕಿಗೆ ದುಡ್ಡು ಕೊಟ್ಟಾಗಿದೆ ಅಂತ ಹಳಸಿದ ಅನ್ನ ಉಣ್ತೀರಾ? ಉಂಡರೆ ಅಕ್ಕಿಯ ದುಡ್ಡೂ ಹೋಯ್ತು, ಡಾಕ್ಟರ ದುಡ್ಡೂ ಹೋಯ್ತು."

ಅವರು ನಕ್ಕುಬಿಟ್ಟರು. ಮಾರನೆಯ ದಿನ ಇಳಿಯಲಿಲ್ಲ. ಪುಟ್ಟಿಯೂ ಒಬ್ಬಳೇ ಇಳಿಯುವ ಹಾಗಿಲ್ಲ, ಜೊತೆಯಿಲ್ಲದೆ ಮುಳುಗಬಾರದೆಂಬುದು ಅವರ ಇನ್ನೊಂದು ನಿಯಮ. ದೋಣಿಯವರನ್ನು ಕೇಳಿ ಗಂಡನ ಪಾಲಿನ ಸೀಟನ್ನೂ ತಾನೇ ಪಡೆದು, ಮಾರ್ಗದರ್ಶಿಯ ಗುಂಪಿನ ಜೊತೆ ಎರಡು ಸಲ ಕ್ಲೈನ್ ಬೊನೇರ್‌ಗೆ ಹೋಗಿ ಬಂದಳು. ಅಳಿಯಂದಿರು ದಡದಲ್ಲಿ ಕೂತು ಉಪ್ಪಿಟ್ಟು ತಿಂದರಂತೆ!

ಕೊನೆಯ ದಿನ ಇಬ್ಬರೂ ನೀರಿಗಿಳಿಯಲಿಲ್ಲ. ದ್ವೀಪದ ದಕ್ಷಿಣಕ್ಕೆ ಹೋಗಿ ಉಪ್ಪಿನ ಗದ್ದೆ, ರಾಜಹಂಸ ನೋಡಿದರು. ಅಲ್ಲೇ ದಡದಲ್ಲಿ ಕಲ್ಲಿನ ಪುಟ್ಟ ಪುಟ್ಟ ಗುಡಿಸಲುಗಳು, ಒಳಗೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. 1850ರ ಸುಮಾರಿಗೆ ಉಪ್ಪು ತೆಗೆಯುವ ಗುಲಾಮರು ಮಲಗಲೆಂದು ಕಟ್ಟಿದ್ದು. ಅವರ ಹೆಂಡತಿ ಮಕ್ಕಳಿದ್ದದ್ದು ಗಂಟೆಗಟ್ಟಲೆ ನಡೆಯುವಷ್ಟು ದೂರದ ರಿಂಕಾನ್ ಎಂಬ ಊರಿನಲ್ಲಿ. 1863ರಲ್ಲಿ ಅವರಿಗೆ ಬಿಡುಗಡೆಯಾಯಿತು. "ಚಿಕ್ಕಮ್ಮ, ಇಡೀ ವಾರದಲ್ಲಿ ಮನಸ್ಸಿಗೆ ನಾಟಿದ್ದು ಅದೇ, ಅದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ" ಅಂದಳು. ವಿಮೆಗೆ ಗೆರೆ ಎಳೆದು ಕೊನೆಯ ದಿನವೂ ಮುಳುಗುತ್ತೇನೆಂದಿದ್ದ ಹುಡುಗಿಯೇ ಇವಳು!

ಮನೆಗೆ ಬಂದು ಲೆಕ್ಕ ಮುಗಿಸಿದಾಗ ಇಡುಗಂಟಿನಿಂದ ಹೋದದ್ದು ಡಾಕ್ಟರಿಗೆ 140, ಟ್ರಕ್ಕಿನ ಪಂಕ್ಚರಿಗೆ 35. ಉಳಿದದ್ದು 1,205. ರಸೀತಿ ಕಳಿಸಿದ ಮೇಲೆ ವಿಮೆಯವರು ಆ 140 ವಾಪಸು ಕೊಟ್ಟರು. ಉಳಿದ ದುಡ್ಡು ಮುಂದಿನ ಡಬ್ಬಿಗೆ ಮೊದಲ ಕಂತಾಯಿತು. ಇಷ್ಟು ಲೆಕ್ಕ ಕೇಳಿದ ಮೇಲೆ ಅಕ್ಕನೂ ಬೈಯಲಿಲ್ಲ. "ಕ್ಯಾಮೆರಾ ಇಲ್ದೆ ಹೋಗಿದ್ದಾಳೆ, ಒಂದು ಮೀನಾದರೂ ತೋರಿಸ್ಲಿಲ್ಲ" ಅಂತ ಮಾತ್ರ ಗೊಣಗಿದಳು.

ಸೋದರಿಯರೇ, ನಮ್ಮಲ್ಲಿ ಹೆಚ್ಚಿನವರು ಬೊನೇರ್‌ಗೆ ಹೋಗುವುದಿಲ್ಲ. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡಬಹುದು, ಮಗನ ಕಾಲೇಜಿಗೆ ದುಡ್ಡು ಕಟ್ಟಬಹುದು, ಮನೆಗೆ ಸುಣ್ಣ ಬಣ್ಣ ಮಾಡಿಸಬಹುದು. ಆಗಲೂ ಹೀಗೆ ಮಾಡಿ ನೋಡಿ. ಕೈಯಲ್ಲಿರುವುದರ ಕಾಲುಭಾಗವನ್ನು ಮೊದಲೇ ಬೇರೆ ಮಾಡಿ, ಅದು ಇಲ್ಲವೆಂದೇ ತಿಳಿಯಿರಿ. ಉಸಿರಿಗೆ ಸೇರಿದ ಸಾಲುಗಳನ್ನು, ಎಂದರೆ ಔಷಧಿ, ವಿಮೆ, ಸುರಕ್ಷಿತವಾದ ಗಾಡಿ, ಸಾಕಷ್ಟು ವಿಶ್ರಾಂತಿ, ಇವನ್ನು ಮೇಲೆ ಬರೆಯಿರಿ. ನಾಲ್ಕು ಜನ ನೋಡುವ ಸಾಲುಗಳನ್ನು ಕೆಳಗೆ ಬರೆಯಿರಿ. ಕತ್ತರಿ ಕೆಳಗಿನಿಂದ ಮೇಲಕ್ಕೆ ಬರಲಿ. ಸಾಲದಿದ್ದರೆ ತಿಂಗಳು ಮುಂದಕ್ಕೆ ಹಾಕಿ, ಇಡುಗಂಟಿಗೆ ಮಾತ್ರ ಕೈ ಹಾಕಬೇಡಿ. ಕೊಟ್ಟಾಗಿರುವ ದುಡ್ಡಿನ ಮುಖ ನೋಡಿ ಮೈ ಕೆಡಿಸಿಕೊಳ್ಳಬೇಡಿ.

ಹಾಗೆಯೇ ಪಟ್ಟಿಯ ಮೇಲಿನ ಅರ್ಧದಲ್ಲಿ ನಿಮ್ಮ ಕನ್ನಡಕವೂ ಇರಲಿ. ನಾನು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಿದ್ದೆ. ಪುಟ್ಟಿಗೆ ಅಷ್ಟು ಬುದ್ಧಿ ಹೇಳಿದ ಮೇಲೆ ನಾಚಿಕೆಯಾಗಿ ಹೋಗಿ ಮಾಡಿಸಿಕೊಂಡು ಬಂದೆ. ಈ ಬರಹ ಬರೆದದ್ದು ಅದನ್ನು ಹಾಕಿಕೊಂಡೇ.

ಮುಂದಿನ ಸಂಚಿಕೆಯಲ್ಲಿ: ದೀಪಾವಳಿಯ ಖರ್ಚಿಗೆ ಶ್ರಾವಣದಿಂದಲೇ ಡಬ್ಬಿ ತುಂಬುವುದು ಹೇಗೆ?